ಕುಳಿಯ ಅಂಚಿನಲ್ಲಿ ನಿಂತ ಚೆಂಡು

ಬಾಂಗ್ ಖ್ಲಾ
ಸೋಮವಾರ, ಮಾರ್ಚ್ 18, ಬುದ್ಧವರ್ಷ 2567

ನನ್ನ ಮುದ್ದು ಮಖಾಮ್,

ಹೇಗಿದ್ದೀಯೇ? ಹೊತ್ತಿಗೆ ಸರಿಯಾಗಿ ಅನ್ನ ಉಣ್ಣುತ್ತಿದ್ದೀಯಾ, ಇಲ್ಲಾ ನೀನೂ ನಿನ್ನ ರೂಮಿನ ಗೆಳತಿ ಫೈಲಿನ್ನೂ ಸೇರಿ ಮೂರು ಹೊತ್ತೂ ನೂಡಲ್ಸ್ ಪೊಟ್ಟಣಕ್ಕೆ ಬಿಸಿನೀರು ಸುರಿದುಕೊಳ್ಳುತ್ತಿದ್ದೀರಾ? ಎಡಗೈ ಮಣಿಕಟ್ಟಿನ ನೋವು ಹೇಗಿದೆ? ಮುಲಾಮು ಹಚ್ಚುತ್ತಿರು, ಸೋಮಾರಿತನ ಮಾಡಬೇಡ. ನಾನು ಚೆನ್ನಾಗಿದ್ದೇನೆ. ಬಿಸಿಲು ಮಾತ್ರ ಈ ವರ್ಷ ಸುಡುತ್ತಿದೆ. ಟೋಪಿ, ಮುಖಕ್ಕೆ ಬಟ್ಟೆ, ಉದ್ದ ತೋಳು ಎಲ್ಲ ಇದ್ದರೂ ಆಟಗಾರರ ಚೀಲ ಹೊರುವ ನಾವು ಕ್ಯಾಡಿಗಳು ಸಂಜೆ ಹೊತ್ತಿಗೆ ಹುರಿದ ಮೀನಾಗಿರುತ್ತೇವೆ. ಅಜ್ಜಿಯ ಮಂಡಿ ಕೈಕೊಟ್ಟಿದೆ, ಬಾಯಿ ಗಟ್ಟಿಯಾಗಿಯೇ ಇದೆ.

ನೀನು ಫೋನ್ ಎತ್ತುತ್ತಿಲ್ಲ. ಎತ್ತದಿದ್ದರೆ ಬಿಡು. ಫೋನಿನಲ್ಲಾದರೆ ನಾನು ಬೈದುಬಿಡುತ್ತೇನೆ, ನೀನು ಅತ್ತುಬಿಡುತ್ತೀಯ, ಆಡಬೇಕಾದ ಮಾತು ಹಾಗೇ ಉಳಿಯುತ್ತದೆ. ಅದಕ್ಕೇ ಕಾಗದ ಹಿಡಿದು ಕೂತೆ. ಶುಕ್ರವಾರ ನಿನ್ನ ಗಾಲ್ಫ್ ಚೀಲ ಬಂತು. ನೀನಿರುವ ಹುವಾ ಹಿನ್ ಕಡೆಯ ವ್ಯಾನಿನವನು ಅದನ್ನು ನಮ್ಮ ಬಾಗಿಲಿಗೆ ಒರಗಿಸಿ, ನಿಮ್ಮ ಹುಡುಗಿ ಕಳಿಸಿದ್ದು ಎಂದ. ಹಿಂದೆಯೇ ನೀನೂ ಇಳಿಯುತ್ತೀಯೇನೋ ಎಂದು ನಾನು ವ್ಯಾನಿನೊಳಗೆ ಇಣುಕಿ ನೋಡಿದೆ. ಯಾರೋ ದಪ್ಪನೆಯ ಗಂಡಸೊಬ್ಬ ಗೊರಕೆ ಹೊಡೆಯುತ್ತಿದ್ದ. ಆಮೇಲೆ ಫೋನಿಗೆ ನಿನ್ನ ಸಂದೇಶ ಬಂತು: "ಮಾರಿಬಿಡಮ್ಮ. ನಾನು ಹೋಟೆಲಲ್ಲಿ ಕೆಲಸಕ್ಕೆ ಸೇರ್ಕೋತೀನಿ." ಚೀಲ ಬಿಚ್ಚಿ ನೋಡಿದೆ. ಕೋಲುಗಳನ್ನೆಲ್ಲ ಮಿರಿಮಿರಿ ಒರೆಸಿ, ತಲೆಗೆ ಒಂದೊಂದು ಮುಸುಕು ಹಾಕಿ ಜೋಡಿಸಿದ್ದೀಯ. ಮಾರುವವರು ಯಾರಾದರೂ ಹಾಗೆ ಒರೆಸುತ್ತಾರೇನೇ?

ಈಗ ಆ ಚೀಲ ಅಕ್ಕಿ ಡ್ರಮ್ಮಿನ ಪಕ್ಕ ನಿಂತಿದೆ. ಅದನ್ನು ನೋಡಿದಾಗೆಲ್ಲ ನೀನು ಗೇಣುದ್ದ ಇದ್ದದ್ದೇ ನೆನಪಾಗುತ್ತದೆ. ಬಸುರಿನಲ್ಲಿ ನಾನು ಹುಣಸೆಹಣ್ಣಿಗೆ ಬಾಯಿ ಬಿಟ್ಟದ್ದಕ್ಕೇ ನಿನಗೆ ಮಖಾಮ್ ಅಂತ ಹೆಸರು ಬಿದ್ದದ್ದು. ನೀನೂ ಹಾಗೇ ಬೆಳೆದೆ, ಸಿಹಿ ಯಾವಾಗ ಹುಳಿ ಯಾವಾಗ ಗೊತ್ತಾಗುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ನೇರ ನಮ್ಮ ಕ್ಯಾಡಿ ಶೆಡ್ಡಿಗೆ ಬಂದು, ಚೀಲಗಳ ಸಂದಿಯಲ್ಲಿ ನಿದ್ದೆ ಹೋಗುತ್ತಿದ್ದೆ. ಒಮ್ಮೆ ಜಪಾನಿನ ಅತಿಥಿಯೊಬ್ಬರು ಹಿಡಿ ಮುರಿದ ಕೋಲನ್ನು ಎಸೆದು ಹೋದರು. ಅದನ್ನು ಕೊಯ್ಯಿಸಿ, ಸೈಕಲ್ ಟ್ಯೂಬ್ ಸುತ್ತಿಸಿ ನಿನ್ನ ಕೈಗೆ ಕೊಟ್ಟೆ. ಅಂದಿನಿಂದ ಮನೆಯಲ್ಲಿ ಒಂದು ಬಾತುಕೋಳಿಗೂ ನೆಮ್ಮದಿ ಇರಲಿಲ್ಲ.

ಅಂಗಳದಲ್ಲಿ ಹಾಲಿನ ಡಬ್ಬಿ ಹೂತು ಕುಳಿ ಮಾಡಿಕೊಟ್ಟವಳು ಅಜ್ಜಿಯೇ ಅಲ್ಲವೇ. ಬಾತುಗಳ ಗೂಡಿನ ಪಕ್ಕ ಮಣೆ ಹಾಕಿಕೊಂಡು ತೆಂಗಿನಕಾಯಿ ತುರಿಯುತ್ತಾ ಕೂರುತ್ತಿದ್ದಳು. ಚೆಂಡು ಡಬ್ಬಿಗೆ ಬಿದ್ದು ಟಣ್ ಎಂದರೆ ನಿನ್ನ ಬಾಯಿಗೆ ಒಂದು ಚೂರು ಕಾಯಿ. ತಪ್ಪಿದರೆ ಕಾಯಿ ಅವಳ ಬಾಯಿಗೆ. ನೀನು ಸೋತು ಅಳುತ್ತಿದ್ದರೂ ಒಂದು ಚೂರೂ ಕೊಡುತ್ತಿರಲಿಲ್ಲ. ಈಗಲೂ ಪಕ್ಕದ ಮನೆಯಲ್ಲಿ ಪಾತ್ರೆ ಸದ್ದಾದರೆ, ಮಗು ಚೆಂಡು ಹಾಕ್ತು ನೋಡು ಅಂದುಬಿಡುತ್ತಾಳೆ.

ನೀನು ವೃತ್ತಿಗೆ ಇಳಿದ ಮೊದಲ ಪಂದ್ಯ ನೆನಪಿದೆಯಾ, ಕಾಂಚನಬುರಿಯದು? ನಿನ್ನ ಚೀಲ ಹೊತ್ತವಳು ನಾನೇ. ಹದಿನೆಂಟರ ಹುಡುಗಿ, ನೀನು ಕೈಗವಸನ್ನು ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದೆ. ನಗಿಸೋಣವೆಂದು, ಇಷ್ಟು ವರ್ಷ ಅತಿಥಿಗಳನ್ನು ಮಾತಾಡಿಸಿದ ಹಾಗೇ ನಿನ್ನನ್ನೂ "ಮೇಡಂ, ಯಾವ ಕೋಲು ಕೊಡ್ಲಿ?" ಎಂದು ಕೇಳಿದೆ. ನೀನು ನಗಲಿಲ್ಲ. ಕೆರೆಯ ಹತ್ತಿರ ನಾನು ಒಂದು ಕೋಲು ಹೇಳಿದರೆ ನೀನು ಇನ್ನೊಂದು ಎಳೆದೆ, "ಅಮ್ಮಾ, ಸ್ವಲ್ಪ ಸುಮ್ನಿರ್ತೀಯಾ?" ಅಂದೆ. ಚೆಂಡು ದಡದಲ್ಲಿ ಮಲಗಿದ್ದ ಉಡದ ಬಾಲಕ್ಕೇ ಹೋಗಿ ನಿಂತಿತು. ಉಡ ಕಂಡರೆ ಅಪಶಕುನ ಎಂದು ನೀನು ಕಾಲೇ ಎತ್ತಲಿಲ್ಲ. ನಾನು ನನ್ನ ಟೋಪಿ ಬೀಸಿ ಅದನ್ನು ನೀರಿಗೆ ಅಟ್ಟಿದೆ. ಅಂದು ನೀನು ಸೋತೆ. ಆದರೂ ವಾಪಸು ಬರುವಾಗ ಬಸ್ಸಿನಲ್ಲಿ ಉಡದ ಮಾತೆತ್ತಿ ಎತ್ತಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವಲ್ಲ. ಮರುವರ್ಷ ರಯೋಂಗ್‌ನಲ್ಲಿ ಗೆದ್ದಾಗಲೂ ನಾವು ಅಷ್ಟು ನಗಲಿಲ್ಲ. ಆ ಗೆಲುವಿನ ಹಣದಲ್ಲಿ ನೀನು ಅಜ್ಜಿಗೆ ಗೋಡೆಯಗಲದ ಟಿವಿ ತಂದುಕೊಟ್ಟೆ.

ಅದೇ ಟಿವಿಯಲ್ಲಿ ಅವಳು ಕಳೆದ ತಿಂಗಳ ಆಯ್ಕೆ ಪಂದ್ಯ ನೋಡಿದಳು. ಹೊರದೇಶದ ಸರಣಿಗೆ ಹೋಗಲು ಕೊನೆಯ ಕುಳಿ, ಕೊನೆಯ ಚೆಂಡು. ನೀನು ಮೆಲ್ಲಗೆ ತಳ್ಳಿದೆ, ಅದು ಉರುಳಿ ಉರುಳಿ ಅಂಚಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ಉಸಿರು ಬಿಟ್ಟರೆ ಬೀಳುವಷ್ಟು ಹತ್ತಿರ. ಒಂದೇ ಒಂದು ಹೊಡೆತದಲ್ಲಿ ಆಯ್ಕೆ ಕೈತಪ್ಪಿತು. ಅಂದಿನಿಂದ ಅಜ್ಜಿ ಟಿವಿ ಹಚ್ಚಿಲ್ಲ, ಮೊಟ್ಟೆಯನ್ನೂ ಮುಟ್ಟಿಲ್ಲ. ಮೊಟ್ಟೆ ಏಕೆ ಎಂದು ನನಗೆ ಅರ್ಥವಾದದ್ದು ನಿನ್ನ ಚೀಲ ಬಂದ ಮೇಲೆ. ಚೀಲದ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತು ಹೇಳಿದಳು: "ಆ ಚೆಂಡನ್ನ ನಿಲ್ಸಿದ್ದು ನಾನು ಕಣೇ."

ಪಂದ್ಯದ ಮುಂಚೆ ನಾವಿಬ್ಬರೂ ಸೋಥೋನ್ ಬುದ್ಧನ ಮುಂದೆ ಪಕ್ಕಪಕ್ಕ ಮಂಡಿಯೂರಿ ಕೂತಿದ್ದೆವು. ನನ್ನ ಮಗಳು ಆಯ್ಕೆಯಾಗಲಿ, ಎಲ್ಲರಂತೆ ಹರಕೆಯ ಕುಣಿತಕ್ಕೆ ದೇಗುಲದ ನರ್ತಕಿಯರನ್ನು ಗೊತ್ತು ಮಾಡದೆ ನಾನೇ ಕಿರೀಟ ಇಟ್ಟು ಕುಣಿಯುತ್ತೇನೆ ಎಂದು ನಾನು ಹರಕೆ ಹೊತ್ತೆ. ಅದೇ ಹೊತ್ತಿನಲ್ಲಿ ನಿನ್ನಜ್ಜಿ ಏನು ಬೇಡಿದ್ದಳು ಗೊತ್ತಾ? ಸೋಂಗ್‌ಕ್ರಾನ್ ಹೊಸವರ್ಷದ ಹಬ್ಬದೊಳಗೆ ಮೊಮ್ಮಗಳು ಮನೆಗೆ ಬಂದು ಇಲ್ಲೇ ಉಳಿಯಲಿ, ನೂರು ಬೇಯಿಸಿದ ಮೊಟ್ಟೆ ಒಪ್ಪಿಸುತ್ತೇನೆ ಅಂತ. ಒಂದೇ ಚಾಪೆಯ ಮೇಲೆ ಕೂತು ಅವ್ವ ಒಂದು, ಮಗಳು ಇನ್ನೊಂದು ಕೇಳಿದರೆ, ಪಾಪ, ಬುದ್ಧ ತಾನೆ ಏನು ಮಾಡಿಯಾನು? ನನಗೆ ಮೈಯೆಲ್ಲ ಉರಿಯಿತು. ಅವಳ ಮುಖ ನೋಡಿ ಉರಿ ಇಳಿಯಿತು. ನಿನ್ನನ್ನು ಬಿಟ್ಟಿರಲು ಅವಳಿಗಾಗದು, ನನಗಾದರೂ ಆಗುತ್ತದೆಯೇ?

ಹಾಗಾಗಿ ನಿನಗೆ ಹೇಳುವುದು ಇಷ್ಟೇ. ಚೆಂಡು ನಿಂತದ್ದು ಹುಲ್ಲಿನಿಂದಲೋ ಗಾಳಿಯಿಂದಲೋ ನನಗೆ ಗೊತ್ತಿಲ್ಲ, ನಿನ್ನ ಕೈಯಿಂದ ಅಲ್ಲ. ಆ ಹೊಡೆತ ಸರಿಯಾಗಿತ್ತು. ಗುರುವಾರ ಎರಡನೇ ಆಯ್ಕೆ ಇದೆ, ನಿನ್ನ ಹೆಸರು ಇನ್ನೂ ಇದೆ ಎಂದು ಫೈಲಿನ್ ಹೇಳಿದಳು. ಆಡಬೇಕೆನಿಸಿದರೆ ಆಡು. ಸಾಕಾಗಿದ್ದರೆ ಮನೆಗೆ ಬಾ, ಯಾರೂ ಒಂದು ಮಾತೂ ಕೇಳುವುದಿಲ್ಲ. ಚೀಲವನ್ನಂತೂ ನಾನು ಮಾರುವುದಿಲ್ಲ. ಇಂದಿನ ವ್ಯಾನಿಗೆ ಹಾಕಿ ನಿನ್ನ ಬಾಗಿಲಿಗೇ ಕಳಿಸುತ್ತೇನೆ, ಬೇಡವಾದರೆ ನಿನ್ನ ಕೈಯಾರೆ ಮಾರು. ಫೈಲಿನ್‌ಗೆ ನನ್ನ ಪ್ರೀತಿ ತಿಳಿಸು. ಹುಷಾರಾಗಿರು, ಬುದ್ಧ ನಿನ್ನ ನೆತ್ತಿ ಕಾಯಲಿ.

ನಿನ್ನ ಅಮ್ಮ,
ಸಮ್ರುವಾಯ್

ಮರೆತ ಮಾತು: ವ್ಯಾನು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಬಯ್ಯಬೇಡ. ಮೇಲಿನದೆಲ್ಲ ಬೆಳಿಗ್ಗೆ ಬರೆದದ್ದು. ಸಹಿ ಹಾಕಿ ಎದ್ದರೆ ಮನೆಯಲ್ಲಿ ಅಜ್ಜಿ ಇಲ್ಲ, ದೊಡ್ಡ ಪಾತ್ರೆಯೂ ಇಲ್ಲ. ಅಷ್ಟರಲ್ಲಿ ದೇಗುಲದ ಮುಂದೆ ಹೂ ಮಾರುವವಳು ಫೋನ್ ಮಾಡಿ, ಅಕ್ಕಾ ನಿಮ್ಮಮ್ಮ ಇಲ್ಲಿ ಕುಣೀತಿದಾರೆ ಎಂದಳು. ಬೈಕು ಹತ್ತಿ ಓಡಿದೆ. ನಿಜ ಕಣೇ. ನೂರು ಮೊಟ್ಟೆ ಒಪ್ಪಿಸಿ, "ನನ್ನ ಹರಕೆ ವಾಪಸು ತಗೊಂಡೆ, ತಪ್ಪಾಯ್ತು" ಎಂದು ಬೇಡಿಕೊಂಡು, ಮಂಡಿಗೆ ಬಟ್ಟೆ ಬಿಗಿದು, ನರ್ತಕಿಯರ ನಡುವೆ ಕಿರೀಟ ಇಟ್ಟುಕೊಂಡು ನಿಂತಿದ್ದಳು. ಕಿರೀಟ ಕಿವಿಯವರೆಗೆ ಜಾರಿತ್ತು. ಒಬ್ಬ ಹುಡುಗಿ ಅವಳ ಸೊಂಟ ಹಿಡಿದುಕೊಂಡಿದ್ದಳು. ಅವಳು ಕುಣಿದು ತೀರಿಸುತ್ತಿದ್ದದ್ದು ನಾನು ಹೊತ್ತ ಹರಕೆಯನ್ನು. ಹರಕೆ ತೀರಿಸುವುದು ಬೇಡಿದ್ದು ಕೈಗೂಡಿದ ಮೇಲಲ್ಲವಾ, ಮಗು ಇನ್ನೂ ಗೆದ್ದಿಲ್ಲವಲ್ಲಮ್ಮ ಎಂದೆ. ಏದುಸಿರು ಬಿಡುತ್ತಾ ಅಂದಳು: "ನಾವ್ ಕೊಡೋದು ಕೊಟ್ಟಾಯ್ತು. ಮಗೂಗೆ ಹೇಳು, ಹೋಗಿ ಆಡು ಅಂತ."

ಚೀಲದ ಪಕ್ಕದ ಜೇಬಿನಲ್ಲಿ ಆ ಪ್ರಸಾದದ ಒಂದಿಷ್ಟು ಮೊಟ್ಟೆಗಳಿವೆ, ಇವತ್ತೇ ತಿನ್ನು, ಸೆಕೆಗೆ ಕೆಡುತ್ತವೆ. ನಾನು ರಜೆ ಹಾಕಿದ್ದೇನೆ. ಗುರುವಾರ ಬೆಳಿಗ್ಗೆ ಮೈದಾನದ ಗೇಟಿನಲ್ಲಿ ಟೋಪಿ ಹಾಕಿಕೊಂಡು ನಿಂತಿರುತ್ತೇನೆ. ಗೇಟಿನವರೆಗೆ ಚೀಲ ನೀನು ತಾ, ಅಲ್ಲಿಂದ ನಾನು ಹೊರುತ್ತೇನೆ.