ಉಸಿರುಗಟ್ಟಿದ ಚಾವಣಿ

ಅಣ್ಣಾ,

ನಿನ್ನೆ ಅಮ್ಮನ ಕೋಣೆಯ ಚಾವಣಿ ಅವಳ ಮಂಚದ ಮೇಲೆ ಕುಸಿದುಬಿತ್ತು. ಅವಳು ಅಡುಗೆಮನೆಯಲ್ಲಿದ್ದಳು, ಬಚಾವಾದಳು. ಸಮತಟ್ಟಾದ ಮಾಡಿಗೆ ನೀನು ಹೊದಿಸಿದ ರಬ್ಬರ್ ಹಾಳೆ ಎಲ್ಲೂ ಹರಿದಿಲ್ಲ. ಅದರಡಿಯ ಹಲಗೆಗಳು ಕೊಳೆತು ಹಿಟ್ಟಾಗಿವೆ. ಒಳಗಿನ ಹಬೆ ಹೊರಹೋಗಲು ಗಾಳಿಕಿಂಡಿ ಬಿಡು ಎಂದು ನಾನು ಎಷ್ಟು ಬಡಕೊಂಡೆ! "ಸೋರಬಾರದು ಅಂತ ಮುಚ್ಚಿದ್ದಕ್ಕೆ ನಾನೇ ತೂತು ಕೊರೀಬೇಕಾ? ತಲೆ ಕೆಟ್ಟಿದೆಯಾ?" ಎಂದು ನೀನು ನಕ್ಕೆ. ಗೋಡೆ ಬೆವರತೊಡಗಿದಾಗ, ಬಿಸಿನೀರು ಕಾಯಿಸಿ ಕಾಯಿಸಿ ಮನೆ ಹಾಳುಮಾಡಿದಳೆಂದು ನೀನು ಅಮ್ಮನನ್ನೇ ಬೈದೆ. ಅಂದಿನಿಂದ ಅವಳಿಗೆ ತಣ್ಣೀರ ಸ್ನಾನವೇ ಗತಿ.

ಭಾನುವಾರ ಬಾ. ಹಾಳೆ ಬಿಚ್ಚಿ, ಹಲಗೆ ಬದಲಿಸಿ, ಎರಡೂ ಬದಿಗೆ ಗಾಳಿಕಿಂಡಿ ಬಿಡು. "ನನ್ನಿಂದಲೇ ಬಿತ್ತು, ಅವನಿಗೆ ಹೇಳ್ಬೇಡ ಕಣೇ" ಎಂದು ಅಮ್ಮ ಅಳುತ್ತಿದ್ದಾಳೆ. ಏಣಿ ಹತ್ತುವ ಮೊದಲು ಅವಳ ಮುಂದೆ ಕೂತು, ತಪ್ಪು ಯಾರದೆಂದು ನಿನ್ನ ಬಾಯಿಂದಲೇ ಹೇಳು.

ನಿನ್ನ ತಂಗಿ