ಬರ್ತೀನಿ ಎನ್ನದ ಊರಿನಿಂದ

ದಾವಣಗೆರೆ
ಫೆಬ್ರುವರಿ 30, 2271

ನೀಲಾಂಬಿಕಕ್ಕನಿಗೆ ಮಂದಾರೆಯ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ರಿಯಾಯಿತಿ ಮಾರಾಟಕ್ಕೆ ದಿನ ಸಾಲದೆಂದು ನಮ್ಮವರು ಫೆಬ್ರುವರಿಯನ್ನೂ ಎಳೆದು ಮೂವತ್ತು ಮಾಡಿದ್ದಾರೆ. ನನ್ನ ಕೆಲವು ಮಾತುಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ವಂಶದ ಪ್ರಕಾರ ನೀವು ನನ್ನ ಮುತ್ತಜ್ಜಿಗೇ ಮುತ್ತಜ್ಜಿ. ಆದರೆ ನನ್ನ ಬಳಿಯಿರುವ ವೀಡಿಯೋದಲ್ಲಿ ನಿಮಗೆ ಮೂವತ್ತೂ ದಾಟಿಲ್ಲ, ನನಗೋ ತಲೆ ಪೂರ್ತಿ ಬೆಳ್ಳಗಾಗಿದೆ. ಅಕ್ಕ ಅನ್ನುವುದೇ ಜಾಸ್ತಿಯಾಯಿತು, ಇರಲಿ.

ಶೇಂಗಾ ಚಟ್ನಿಪುಡಿ ಮಾರಲು ನೀವೇ ಫೋನ್ ಹಿಡಿದು ವೀಡಿಯೋ ಹಾಕುತ್ತಿದ್ದಿರಿ. ಅದೇ ಚಟ್ನಿಪುಡಿಯನ್ನು ನಾನೂ ಮಾರುತ್ತೇನೆ, ಆದರೆ ಜಾಹೀರಾತು ನನ್ನ ಕೈಯಲ್ಲಿಲ್ಲ. ಇಲ್ಲಿ ಪ್ರತಿ ಅಂಗಡಿಯ ಬಾಗಿಲ ಮೇಲೂ ಒಂದು ‘ಕರೆಗಾರ’ ಇರುತ್ತದೆ. ಗಿರಾಕಿಗಳ ಮಾತು ಕೇಳಿಸಿಕೊಂಡು ಅವರವರಿಗೆ ತಕ್ಕ ಜಾಹೀರಾತು ಕಳಿಸುವ ಯಂತ್ರ. ಮನೆಗಳಲ್ಲಿ ‘ಓದುಗಾರ’ ಇರುತ್ತದೆ. ಬಂದ ಜಾಹೀರಾತನ್ನು ಮನೆಯವರ ಪರವಾಗಿ ಅದೇ ಓದಿ, ಸಾಮಾನನ್ನೂ ಅದೇ ತರಿಸುತ್ತದೆ. ಬೆಳಿಗ್ಗೆ ಹುರಿದು, ಕುಟ್ಟಿ, ಪೊಟ್ಟಣ ಕಟ್ಟಿ ಕಿಟಕಿಯಲ್ಲಿಟ್ಟರೆ ಸಂಜೆಗೆ ಖಾಲಿ. ಯಾರು ತಿಂದರು, ಖಾರ ಹೆಚ್ಚಾಯಿತೇ ಎಂದು ಹೇಳುವವರಿಲ್ಲ. ಓದುಗಾರಗಳು ಐದಕ್ಕೆ ಐದು ನಕ್ಷತ್ರ ಕೊಡುತ್ತವೆ. ಅವಕ್ಕೆಲ್ಲಿಂದ ಬರಬೇಕು ನಾಲಿಗೆ?

ಕರೆಗಾರ ಮಾಡಿದವರಿಗೆ ನಮ್ಮ ಭಾಷೆ ಬರುತ್ತಿತ್ತು, ನಮ್ಮ ರೀತಿ ಗೊತ್ತಿರಲಿಲ್ಲ. ಹೊರಡುವವರು ‘ಬರ್ತೀನಿ’ ಅಂದರೆ, ಅದನ್ನು ಕೊಟ್ಟ ಮಾತೆಂದು ಯಂತ್ರ ಬರೆದುಕೊಂಡಿತು. ಮರುದಿನದಿಂದಲೇ ಕಾಟ: ‘ಬರುತ್ತೇನೆ ಎಂದಿದ್ದಿರಿ, ಕಾಯುತ್ತಿದ್ದೇವೆ.’ ಬಾರದವರ ಮನೆಗೆ ಬಿಲ್ಲಿನ ಸಮೇತ ಪೊಟ್ಟಣಗಳೇ ಹೋದವು. ಸಾಕಪ್ಪಾ ಸಾಕು ಎಂದು ಜನ ಆ ಮಾತನ್ನೇ ಬಿಟ್ಟರು. ಅಂಗಡಿಯಲ್ಲಿ ಬಿಟ್ಟದ್ದು ಮನೆಯಲ್ಲೂ ಬಿಟ್ಟುಹೋಯಿತು. ನಿಮ್ಮ ಕಾಲದಲ್ಲಿ ಸಾವಿನ ಮನೆಯಿಂದ ಮಾತ್ರ ಹೇಳದೆ ಹೊರಡುತ್ತಿದ್ದರಂತೆ. ನನ್ನ ಅಂಗಡಿಗೆ ಬಂದವರೆಲ್ಲರೂ ಹಾಗೇ ಹೊರಡತೊಡಗಿದರು. ಕರೆಗಾರವನ್ನು ಕಿತ್ತೆಸೆಯೋಣವೆಂದರೆ, ಆಮೇಲೆ ಯಾವ ಓದುಗಾರಕ್ಕೂ ನನ್ನ ಅಂಗಡಿ ಕಾಣಿಸುವುದಿಲ್ಲ.

ಗಿರಾಕಿಗಳು ಬರುವುದೇ ನಿಂತ ಮೇಲೂ ನಡೆದು ಬರುತ್ತಿದ್ದವರು ರೇವಣಪ್ಪನವರು ಒಬ್ಬರೇ. ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡು, ಬೆಳ್ಳುಳ್ಳಿ ಕಮ್ಮಿಯಾಯಿತೆಂದು ಜಗಳ ತೆಗೆಯುತ್ತಿದ್ದರು. ಆ ಜಗಳಕ್ಕಾಗಿಯೇ ನಾನು ಬೇಕೆಂದೇ ಬೆಳ್ಳುಳ್ಳಿ ಕಮ್ಮಿ ಹಾಕುತ್ತಿದ್ದೆ. ಅವರು ನಿನ್ನೆ ಊರು ಬಿಟ್ಟು ಮಗಳ ಮನೆಗೆ ಹೊರಟರು. ಹೊಸ್ತಿಲಲ್ಲಿ ನಿಂತು ಬಾಯಿ ತೆರೆದವರು, ತಲೆಯೆತ್ತಿ ಕರೆಗಾರವನ್ನು ನೋಡಿ, ಬಾಯಿ ಮುಚ್ಚಿ ನಡೆದುಬಿಟ್ಟರು. ನನಗೂ ‘ಬನ್ನಿ’ ಅನ್ನಲಾಗಲಿಲ್ಲ. ಅವರು ಹೋದ ಮೇಲೆ ಪುಡಿ ಮೆತ್ತಿದ ಕೈಯಲ್ಲೇ ಅತ್ತುಬಿಟ್ಟೆ.

ಆಮೇಲೆ ನಿಮ್ಮ ಆ ಹಳೆಯ ವೀಡಿಯೋ ಹಾಕಿಕೊಂಡು ಕೂತೆ. ಅದರ ಕೊನೆಯಲ್ಲಿ ಪೊಟ್ಟಣ ಹಿಡಿದ ಹೆಂಗಸೊಬ್ಬರು ‘ಬರ್ತೀನಕ್ಕಾ’ ಅನ್ನುತ್ತಾರೆ. ‘ಹೂಂ, ಬನ್ರೀ’ ಅಂತ ನೀವು ಫೋನ್ ಹಿಡಿದುಕೊಂಡೇ ಕೂಗುತ್ತೀರಿ. ನಂತರದ ವೀಡಿಯೋಗಳಲ್ಲಿ ಆ ತುಣುಕು ಇಲ್ಲ. ಚಿಕ್ಕದಾಗಿದ್ದರೆ ಹೆಚ್ಚು ಜನ ನೋಡುತ್ತಾರೆಂದು ಯಾರೋ ಹೇಳಿರಬೇಕು. ಅಕ್ಕಾ, ಬೆಲೆ ಹೇಳುವುದನ್ನು ಕತ್ತರಿಸಿ, ಹಾಡು ಕತ್ತರಿಸಿ, ಅದೊಂದನ್ನು ಕತ್ತರಿಸಬೇಡಿ. ನನಗೆ ಕೇಳಿಸಿಕೊಳ್ಳಲು ಬೇರೆ ಏನೂ ಇಲ್ಲ.

ಈ ಪತ್ರ ನಿಮಗೆ ಮುಟ್ಟುತ್ತದೋ ಇಲ್ಲವೋ. ಕರೆಗಾರಕ್ಕೆ ಬಾಯಲ್ಲಿ ಆಡಿದ್ದು ಮಾತ್ರ ಕೇಳಿಸುತ್ತದೆ, ಕಾಗದದ ಮೇಲೆ ಬರೆದದ್ದು ತಿಳಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀಲಾಂಬಿಕಕ್ಕಾ, ಬರ್ತೀನಿ.