ಉಪ್ಪುನೀರಿನ ಉಣ್ಣಿ

ತಾಂಬಾ, ತಾಲೂಕು ಇಂಡಿ
ತಾ. ೨-೪-೧೯೭೬, ಶುಕ್ರವಾರ

ಚಿ. ಕಾಶಿಬಾಯಿಗೆ ನಿನ್ನ ಸೋದರಮಾವ ಸೋಮನಿಂಗನ ಆಶೀರ್ವಾದ.

ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆದು ಮುಗಿಸುವುದು ರೂಢಿ. ನಾನು ಕ್ಷೇಮ, ಕುರಿಗಳು ಕ್ಷೇಮ, ನಿನ್ನ ಅತ್ತೆ ಸಾತವ್ವನ ಬಾಯಿಯೂ ಕ್ಷೇಮ. ಮೀನಿನ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ನೀನು ಮಿರಜಿನ ದವಾಖಾನೆಯಲ್ಲಿ ನಿನ್ನ ಅವ್ವನ ಹಾಸಿಗೆಯ ಪಕ್ಕ ಕುಳಿತು ಇದನ್ನು ಓದುತ್ತಿರಬಹುದು. ಅಕ್ಕನ ಹೊಟ್ಟೆಯ ಹೊಲಿಗೆ ಇನ್ನೂ ಹಸಿ ಇದ್ದೀತು. ಅವಳಿಗೆ ಓದಿ ಹೇಳಬೇಡ. ನಗಿಸಿದರೂ ಕಷ್ಟ, ಅಳಿಸಿದರೂ ಕಷ್ಟ.

ನಿನ್ನ ಅಪ್ಪನ ಮಾತು ನಿನಗೂ ನೆನಪಿದೆ, ನನಗೂ ಬಾಯಿಪಾಠ. ಶೀಗಿ ಹುಣ್ಣಿಮೆಯ ಮರುದಿನ ನೀನು ಮೀನಿನ ವಿದ್ಯೆ ಕಲಿಯುತ್ತಿದ್ದ ಕಾರವಾರದಿಂದ ಸಮುದ್ರದ ನೀರಿನ ಡಬ್ಬಿಗಳನ್ನೂ ಮೂರು ಪಟ್ಟಿಪಟ್ಟಿ ಮೀನುಗಳನ್ನೂ ಹೊತ್ತು ತಂದು ನನ್ನ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆ ಹೂಡಿದೆ. ಬಾಗೇವಾಡಿಯ ನಿಮ್ಮ ಮನೆಗೆ ಇನ್ನೂ ಕರೆಂಟು ಬಂದಿಲ್ಲ, ನನ್ನ ಮನೆಗೆ ಬಂದಿದೆ. ಆ ನೀರಿಗೆ ಗಾಳಿ ಊದುವ ಯಂತ್ರ ನನ್ನ ಮನೆಯಲ್ಲಲ್ಲದೆ ಇನ್ನೆಲ್ಲಿ ತಿರುಗಬೇಕು? ಅವತ್ತು ನಿನ್ನ ಅಪ್ಪ ಗುರಲಿಂಗಪ್ಪಭಾವ ಹತ್ತು ಜನರೆದುರು ಹೇಳಿದ: "ಯುಗಾದಿಗೆ ಬಂದು ಎಣಸ್ತೇನಿ. ಮೂರೂ ಇದ್ರ ಅಕಿ ಕಾರವಾರಕ್ಕ ಹೋಗಿ ಇನ್ನೂ ಓದ್ಲಿ. ಒಂದು ಕಡಿಮಿ ಆದ್ರೂ ನಾಲತವಾಡದ ಗಂಡಿನ ಮನಿಯವ್ರಿಗೆ ಹೂಂ ಅಂತೇನಿ. ಅಕ್ಕಿಕಾಳು ಹಾಕೂದ." ನೀನು ತಲೆಯಾಡಿಸಿದೆ. ನಾನು ಎದೆ ತಟ್ಟಿಕೊಂಡೆ. ಹಿಂಡುಗಟ್ಟಲೆ ಕುರಿಗಳ ಬೇನೆ ವಾಸಿ ಮಾಡಿದವನಿಗೆ ಮೂರು ಮೀನು ಯಾವ ಲೆಕ್ಕ ಎಂದುಕೊಂಡೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಒಂದೇ ವಿಷಯದಲ್ಲಿ ನಪಾಸಾದವನು ನಾನು, ಅದೂ ಮಾಸ್ತರನ ತಪ್ಪಿನಿಂದ.

ಹೋಳಿ ಹುಣ್ಣಿಮೆ ಮುಗಿಸಿ ನೀನು ಅಕ್ಕನನ್ನು ಕರೆದುಕೊಂಡು ಮಿರಜಿಗೆ ಹೋದೆಯಲ್ಲ, ಅದರ ಆರನೆಯ ದಿನ ಶುರುವಾಯಿತು. ಮೀನುಗಳು ತಳದ ಕಲ್ಲಿಗೆ ಮೈ ಉಜ್ಜತೊಡಗಿದವು. ಓಡಿ ಬಂದು ಒಮ್ಮೆ ಪಕ್ಕೆ ತಿಕ್ಕುವುದು, ಮತ್ತೆ ಓಡುವುದು. ಹಳದಿ ಬಣ್ಣ ಮಾಸಿತು. ಕಿವಿರು ಕಮ್ಮಾರನ ತಿದಿಯ ಹಾಗೆ ಬಡಿಯತೊಡಗಿತು. ಒಣ ಸಿಗಡಿಯ ಪುಡಿ ಹಾಕಿದರೆ ಮೂಸಿಯೂ ನೋಡಲಿಲ್ಲ.

ಇಂಡಿಯ ಸಂತೆಯಲ್ಲಿ ಒಣಮೀನು ಮಾರುವ ಬಂದೇನವಾಜನನ್ನು ಕರೆಸಿದೆ. ಸಮುದ್ರದ ಮೀನಿನ ವಿಷಯದಲ್ಲಿ ಈ ಸೀಮೆಗೆಲ್ಲ ಅವನೇ ಪಂಡಿತ. ಮೂಗು ಗಾಜಿಗೆ ಹಚ್ಚಿ ಬಹಳ ಹೊತ್ತು ನೋಡಿದ. ಆಮೇಲೆ, "ಕಾಕಾ, ನನ್ನ ಕಡೆ ಬರೂ ಹೊತ್ತಿಗೆ ಇವುಕ್ಕ ಎಲ್ಲಾ ಬ್ಯಾನಿ ಮುಗದಿರ್ತಾವ್ರಿ," ಎಂದು ಚಹಾ ಕುಡಿದು ಹೋದ.

ಇನ್ನು ನಾನೇ ಗತಿ. ಕಾಶಿ, ಇಲ್ಲಿಂದ ಸ್ವಲ್ಪ ಸಮಾಧಾನದಿಂದ ಓದು. ಕುರಿ ಮೇವು ಬಿಟ್ಟರೆ ನಾವು ಏನು ಮಾಡುತ್ತೇವೆ? ಅಂಗೈಯಲ್ಲಿ ಉಪ್ಪು ಹಿಡಿದು ನೆಕ್ಕಿಸುತ್ತೇವೆ. ಹುಲ್ಲು ಮೇಯುವ ಕುರಿಗೇ ಉಪ್ಪು ಔಷಧಿಯಾದರೆ, ಉಪ್ಪಿನಲ್ಲೇ ಹುಟ್ಟಿ ಬೆಳೆದ ಜೀವಕ್ಕೆ ಅದು ತಾಯಿಯ ಹಾಲಿದ್ದಂತೆ. ಹೀಗೆ ವಿಚಾರ ಮಾಡಿ ಬೆಳಿಗ್ಗೆ ಒಂದು ಮುಷ್ಟಿ, ಸಂಜೆ ಒಂದು ಮುಷ್ಟಿ, ಮೂರು ದಿನ ಹಾಕಿದೆ. ಬಿಸಿಲಿಗೆ ಪೆಟ್ಟಿಗೆಯ ನೀರು ಗೆರೆಗಿಂತ ಇಳಿದರೆ ಬಾವಿಯ ಸಿಹಿನೀರು ಹಾಕು ಎಂದು ನೀನು ಹೇಳಿ ಹೋಗಿದ್ದೆ. ಸಮುದ್ರದ ಮೀನಿಗೆ ಸಿಹಿನೀರೇ? ಬಸ್ಸಿನ ಅವಸರದಲ್ಲಿ ಹುಡುಗಿ ಬಾಯಿತಪ್ಪಿದಳು ಎಂದುಕೊಂಡು ನಾನು ಅದಕ್ಕೂ ಉಪ್ಪು ಕದಡಿಯೇ ಹಾಕಿದೆ.

ಮೀನುಗಳು ಮೇಲೆ ಬಂದು ಗಾಳಿಯ ಗುಳ್ಳೆಗಳ ಹತ್ತಿರ ಬಾಯಿ ತೆರೆದು ನಿಂತುಬಿಟ್ಟವು. ನಾಲ್ಕನೆಯ ದಿನ ನಿನ್ನ ಅತ್ತೆ ಬಂದು ಪೆಟ್ಟಿಗೆಯಲ್ಲಿ ಬೆರಳು ಅದ್ದಿ ನಾಲಗೆಗೆ ಹಚ್ಚಿದಳು. ಹಚ್ಚಿ ಅಂಗಳಕ್ಕೆ ಹೋಗಿ ಉಗುಳಿದಳು.

"ಇದರಾಗ ಮಾವಿನಕಾಯಿ ಹೆಚ್ಚಿ ಹಾಕ್ರಿ, ಬರೂ ವರ್ಷದ ಯುಗಾದಿತನಾ ಇರ್ತಾವ," ಎಂದಳು.

ನಾನು ಕುರಿಯ ಉದಾಹರಣೆ ಕೊಟ್ಟೆ. ಅವಳು ಕೇಳಿದ್ದು ಇಷ್ಟೇ: "ಬಿಸಿಲಿಗೆ ನೀರು ಹೋಗ್ತದ, ಉಪ್ಪು ಹೋಗ್ತದೇನ್ರಿ? ಸಾರು ಕುದ್ದ ಕುದ್ದಂಗ ಉಪ್ಪಾಗೂದು ನಿಮ್ಮ ನಾಲಗಿಗೆ ಇನ್ನೂ ಗೊತ್ತಾಗಿಲ್ಲ? ಹುಡುಗಿ ಸಿಹಿನೀರು ಅಂದದ್ದು ಅದಕ್ಕ."

ಮುಲ್ಕಿಯವನಿಗೆ ತಿಳಿಯದ್ದು ಒಲೆಯ ಮುಂದೆ ಕೂರುವವಳಿಗೆ ತಿಳಿದಿತ್ತು. ನಾನು ಕೊಡ ಎತ್ತಿ ಬಾವಿಯ ನೀರು ಸುರಿಯಲು ಹೋದೆ. ಅವಳು ಕೊಡ ಹಿಡಿದುಕೊಂಡಳು. "ಒಮ್ಮಿಗೇ ಸುರೀಬ್ಯಾಡ್ರಿ. ಉಪಾಸ ಇದ್ದವ್ರಿಗೆ ಹೋಳಿಗಿ ತುರುಕಿದಂಗಾದೀತು. ತಾಸಿಗೊಂದು ತಂಬಿಗಿ ತಗೀರಿ, ಒಂದು ತಂಬಿಗಿ ಹಾಕ್ರಿ."

ಹಾಗೆಯೇ ಮೂರು ದಿನ. ನೀನು ಬಿಟ್ಟುಹೋದ ಡಬ್ಬಿಯಲ್ಲಿ ಕಾರವಾರದ ನೀರು ಸ್ವಲ್ಪ ಉಳಿದಿತ್ತು. ಅದನ್ನೊಮ್ಮೆ ನೆಕ್ಕುವುದು, ಪೆಟ್ಟಿಗೆಯ ನೀರನ್ನೊಮ್ಮೆ ನೆಕ್ಕುವುದು, ಇದು ನಿನ್ನ ಅತ್ತೆಯ ಪರೀಕ್ಷೆ. ನಡುವೆ ಕರೆಂಟು ಹೋದಾಗ ಸೈಕಲ್ ಪಂಪಿನ ನಳಿಗೆ ನೀರಿಗಿಳಿಸಿ ನಾನು ಗಾಳಿ ಹೊಡೆದೆ. ನನ್ನ ತೋಳು ಸೋತಾಗ ಅವಳು ಹೊಡೆದಳು. ಇದನ್ನು ಬರೆಯುವ ಮನಸ್ಸಿರಲಿಲ್ಲ, ಬರೆದಿದ್ದೇನೆ. ಭಾನುವಾರ ಸಂಜೆಗೆ ಎರಡೂ ನೀರಿನ ರುಚಿ ಒಂದಾಯಿತು. ಬಾಯಿ ತೆರೆದು ನಿಲ್ಲುವುದು ನಿಂತಿತು. ಆದರೆ ಮೈ ಉಜ್ಜುವುದು ನಿಲ್ಲಲಿಲ್ಲ. ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ ಬೇರೆ ಬಂತು. ಯುಗಾದಿಗೆ ಮೂರೇ ದಿನ.

ಆಗ ನನ್ನ ಕಸುಬು ನೆನಪಾಯಿತು. ಮೇವು ಬಿಟ್ಟು ಮೂಲೆಯಲ್ಲಿ ಮಲಗುವ ಕುರಿಗೆ ಹೊಟ್ಟೆಯ ಬೇನೆ. ಗೋಡೆಗೆ ಮೈ ಉಜ್ಜುವ ಕುರಿಗೆ ತೊಗಲಿನ ಮೇಲೆ ಯಾರೋ ಕುಳಿತಿದ್ದಾರೆ. ಉಣ್ಣಿ. ನೀರಿನಲ್ಲೂ ಉಣ್ಣಿ ಇದ್ದರೆ? ನಿನ್ನ ಭೂತಗನ್ನಡಿ ಹಿಡಿದು ಕಣ್ಣು ಉರಿಯುವವರೆಗೆ ನೋಡಿದೆ, ಏನೂ ಕಾಣಲಿಲ್ಲ. ನಿನ್ನ ನೋಟಬುಕ್ ತೆರೆದೆ. ಎಲ್ಲ ಇಂಗ್ಲಿಷು. ಒಂದು ಪುಟದಲ್ಲಿ ಮಾತ್ರ ನೀನು ಕಲ್ಲಿಗೆ ಮೈ ಉಜ್ಜುವ ಮೀನಿನ ಚಿತ್ರ ಬರೆದಿದ್ದೆ. ಅದರ ಪಕ್ಕ ಬೋಗುಣಿಯಲ್ಲಿ ಮೀನು, ಬೋಗುಣಿಯ ಮೇಲೆ ಹಗ್ಗ ಸುತ್ತಿದ ಬಾವಿಯ ಗಡಗಡಿ, ಕೆಳಗೆ ಮೂರು ಮತ್ತು ಐದು ಎಂಬ ಅಂಕಿ.

ಬಾವಿಯ ನೀರಿನಲ್ಲಿ ಸ್ನಾನ ಎಂಬಷ್ಟು ತಿಳಿಯಿತು. ಉಪ್ಪುನೀರಿನ ಹುಳಕ್ಕೆ ಸಿಹಿನೀರು ವಿಷ, ಅದೂ ಸರಿ. ಆದರೆ ಮೀನಿಗೂ ವಿಷವಲ್ಲವೇ? ಮೂರು, ಐದು ಎಂದರೆ ಏನು? ನಿಮಿಷವೋ, ತಾಸೋ? ಅತ್ತೆಯನ್ನು ಕೇಳಿದರೆ, "ನಿಮ್ಮನ್ನ ನೀರಾಗ ಮುಳುಗಿಸಿ ಹಿಡದ್ರ ಎಷ್ಟೊತ್ತು ತಾಳ್ತೀರಿ? ಅದರಕಿಂತ ಒಂದೀಟು ಹೆಚ್ಚು ಹಿಡೀರಿ," ಎಂದಳು. ಸೋಮವಾರ ಬೋಗುಣಿ ತುಂಬಿಸಿ ಚೆಲ್ಲಿದೆ. ಮಂಗಳವಾರವೂ ತುಂಬಿಸಿ ಚೆಲ್ಲಿದೆ. ತಪ್ಪಿದರೆ ನಿನ್ನ ಓದು ನನ್ನ ಕೈಯಲ್ಲೇ ಹೋದಂತೆ. ನಿನ್ನ ಮಾವ ಅಂಜಿದ್ದನ್ನು ನೀನು ಕಂಡಿಲ್ಲ, ಊರೂ ಕಂಡಿಲ್ಲ. ಆ ಬೋಗುಣಿ ಕಂಡಿದೆ.

ಯುಗಾದಿಯ ಬೆಳಿಗ್ಗೆ ಮೀನುಗಳ ಕಿವಿರು ಮತ್ತೆ ತಿದಿಯಂತೆ ಬಡಿಯತೊಡಗಿತ್ತು. ಇನ್ನು ತಡೆದರೂ ಅಷ್ಟೇ ಎನಿಸಿತು. ಬಾವಿಯ ನೀರನ್ನು ಬಿಸಿಲಿಗಿಟ್ಟು, ಎರಡೂ ಕಡೆ ಕೈ ಅದ್ದಿ ಬಿಸುಪು ಒಂದೇ ಆದದ್ದು ನೋಡಿ, ಒದ್ದೆ ಅರಿವೆಯಲ್ಲಿ ಒಂದು ಮೀನನ್ನು ಎತ್ತಿ ಬೋಗುಣಿಗೆ ಬಿಟ್ಟೆ. ಒಮ್ಮೆ ಎಗರಿತು. ಆಮೇಲೆ ಅಡ್ಡ ಬಿತ್ತು. ನಾನು ರಾಶಿ ಅಳೆಯುವವನ ಹಾಗೆ ಒಂದಕ್ಕೆ ಲಾಭ ಎಂದು ಎಣಿಸತೊಡಗಿದೆ: ಲಾಭ, ಎರಡು, ಮೂರು. ಮೂರು ನಿಮಿಷಕ್ಕೆ ನೂರಾಎಂಬತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಬೋಗುಣಿಯ ಮೇಲೆ ನೆರಳು ಬಿತ್ತು. ಮೊದಲ ಬಸ್ಸಿಗೇ ಬಂದಿದ್ದ ನಿನ್ನ ಅಪ್ಪ.

"ಏನೋ ಸೋಮನಿಂಗಾ, ಹಬ್ಬದ ದಿನ ಹೆಣಾ ತೊಳ್ಯಾಕತ್ತೀಯೇನು?"

"ಹೆಣಾ ಅಲ್ಲ ಭಾವ, ಎಣ್ಣಿನೀರು ಹಾಕಾಕತ್ತೇನಿ."

"ಎಣ್ಣಿನೀರು ಹಾಕಿಸ್ಕೊಳ್ಳೂದು ಹಿಂಗ ಅಡ್ಡ ಬೀಳ್ತದೇನು?"

ಮಾತಿನಲ್ಲಿ ನನ್ನ ಎಣಿಕೆ ತಪ್ಪಿತು. ಬಾಗಿಲಲ್ಲಿ ನಿಂತ ನಿನ್ನ ಅತ್ತೆ ಬೆರಳು ಮಡಚುತ್ತ, "ನೂರಾಹತ್ತು, ನೂರಾಹನ್ನೊಂದು," ಎಂದು ಮುಂದುವರಿಸಿದಳು. ಆಗಲೇ ಕಂಡಿತು. ಮೀನಿನ ಪಕ್ಕೆಯ ಮೇಲೆ ಎಳ್ಳಿನ ಸಿಪ್ಪೆಯಷ್ಟು ಒಂದು ಬಿಳಿ ಚುಕ್ಕೆ ಮೂಡಿತು, ಎದ್ದಿತು, ಕಳಚಿ ತಳಕ್ಕೆ ಬಿತ್ತು. ಹಿಂದೆಯೇ ಇನ್ನೊಂದು, ಆಮೇಲೆ ಐದಾರು. ಗಾಜಿನಂತೆ ಕಾಣದೆ ಕುಳಿತಿದ್ದವು ಸಿಹಿನೀರು ತಾಗಿದ ಕೂಡಲೇ ಬೆಳ್ಳಗಾಗಿ ಉದುರತೊಡಗಿದವು. ನಿನ್ನ ಅಪ್ಪ ಕುಕ್ಕರಗಾಲಲ್ಲಿ ಕುಳಿತ. ಒಂದನ್ನು ಉಗುರಿನ ಮೇಲೆ ಎತ್ತಿಕೊಂಡು ಬೆಳಕಿಗೆ ಹಿಡಿದ.

"ಉಣ್ಣಿ," ಎಂದ. "ನೀರಾಗೂ ಬಿಟ್ಟಿಲ್ಲ ನೋಡು ಇವು."

ಅಷ್ಟರಲ್ಲಿ ಮೀನಿನ ಕಿವಿರು ನಿಂತಿತು. "ನೂರಾಅರವತ್ತು," ಎಂದಳು ಅತ್ತೆ. ನಿನ್ನ ಅಪ್ಪ, "ಸಾಕು ತಗಿ," ಎಂದ. ನಾನು ತೆಗೆಯಲಿಲ್ಲ. "ತಗಿಯೋ, ಜೀವಾ ಹೋಗ್ತದ," ಎಂದು ಅವನೇ ಬೋಗುಣಿಗೆ ಕೈ ಹಾಕಿದ. ಕಾಶಿ, ಆ ಮೀನು ಸತ್ತರೆ ಗೆಲ್ಲುವವನು ಅವನು. ನಾನು ಅವನ ಮಣಿಕಟ್ಟು ಹಿಡಿದೆ. ಅತ್ತೆ ನೂರಾಎಂಬತ್ತು ಎಂದ ಮೇಲೆ ಮೀನನ್ನು ಉಪ್ಪುನೀರಿಗೆ ಬಿಟ್ಟೆ. ಕಲ್ಲಿನಂತೆ ತಳಕ್ಕೆ ಹೋಯಿತು. ಮೊದಲು ಕಿವಿರು ಒಮ್ಮೆ ತೆರೆಯಿತು. ಮತ್ತೊಮ್ಮೆ. ಆಮೇಲೆ ಬಾಲ ಅಲ್ಲಾಡಿ, ಓರೆಯಾಗಿ ಎದ್ದು, ಗುಳ್ಳೆಗಳ ಕಡೆ ಈಜಿತು.

ಉಳಿದದ್ದನ್ನೂ ಹಾಗೆಯೇ ತೊಳೆದೆವು. ಮಧ್ಯಾಹ್ನದ ಹೊತ್ತಿಗೆ ಉಜ್ಜುವುದು ನಿಂತು, ಸಿಗಡಿಯ ಪುಡಿ ಬಾಯಿಗೆ ಹೋಯಿತು.

ಊಟವಾದ ಮೇಲೆ ನಿನ್ನ ಅಪ್ಪ ಎಣಿಸಲು ಕುಳಿತ. ಪೆಟ್ಟಿಗೆಯ ಮೂಲೆಗೆ ಎದುರಾಗಿ ನಾನೇ ಕಂಬಳಿ ಹಾಸಿದ್ದೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು. "ಲಾಭ," ಎಂದ. "ಎರಡು," ಎಂದ. ಮೀನು ನೋಡಿದ, ನನ್ನನ್ನು ನೋಡಿದ, ನಿನ್ನ ಅತ್ತೆಯ ಕಡೆ ನೋಡಿದ. ಅವಳು ಒಳಗೆ ಎದ್ದು ಹೋದಳು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

"ಮೂರು," ಎಂದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಮೂರು ಅದಾವ. ಕಾಶಿಗೆ ಬರಿ, ಕಾರವಾರಕ್ಕ ಹೊಂಟು ನಿಂದ್ರು ಅಂತ. ನಾಲತವಾಡಕ್ಕ ನಾನ ಹೋಗಿ ಹೇಳಿ ಬರ್ತೇನಿ."

ನೋಡಿದೆಯಾ ನಿನ್ನ ಮಾವನ ಕೈಗುಣ? ಕಾರವಾರದ ನಿನ್ನ ಗುರುಗಳಿಗೆ ಹೇಳು, ಮೀನಿನ ಬೇನೆ ತಿಳಿಯದಿದ್ದರೆ ತಾಂಬಾಕ್ಕೆ ಒಂದು ಕಾರ್ಡು ಹಾಕಲಿ.

ಅಕ್ಕನ ಹೊಲಿಗೆ ಬಿಚ್ಚಿದ ದಿನ ತಿಳಿಸು.

ನಿನ್ನ ಸೋದರಮಾವ,
ಮೀನಿನ ಡಾಕ್ಟರ್ ಸೋಮನಿಂಗ

ತಾ. ಕ.: ಬರೆದದ್ದನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. "ಅರ್ಧಾ ಬರದೀರಿ," ಎಂದು ಟಪಾಲಿನ ಪಾಕೀಟನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತಿದ್ದಾಳೆ. ಅದಕ್ಕೆ ಉಳಿದರ್ಧ ಬರೆಯುತ್ತೇನೆ. ಅವಳು ನೀರಿನ ರುಚಿ ನೋಡಿದ ಮರುದಿನ ಬೆಳಿಗ್ಗೆ, ಮೂರರಲ್ಲಿ ಸಣ್ಣದು ಸತ್ತಿತ್ತು. ಉಣ್ಣಿ ಕೊಂದದ್ದಲ್ಲ, ನನ್ನ ಉಪ್ಪು. ನೀನು ಸಿಹಿನೀರು ಎಂದು ಎರಡು ಸಲ ಹೇಳಿದ್ದೆ. ಹಿತ್ತಿಲ ನುಗ್ಗೆಯ ಬುಡದಲ್ಲಿ ಹುಗಿದೆ. ಪೆಟ್ಟಿಗೆಯ ಮೂಲೆಯಿಂದ ನೋಡಿದರೆ ಎರಡು ಗಾಜಿನಲ್ಲಿ ಒಂದೇ ಮೀನು ಎರಡಾಗಿ ಕಾಣುತ್ತದೆ. ಅದಕ್ಕೇ ನಿನ್ನ ಅಪ್ಪನನ್ನು ಅಲ್ಲಿ ಕೂರಿಸಿದ್ದು. ಅವನಿಗೆ ಚೆನ್ನಾಗಿ ಟೊಪ್ಪಿಗೆ ಹಾಕಿದೆನೆಂದು ಎರಡು ದಿನ ಬೀಗಿದೆ. ನಿನ್ನ ಅತ್ತೆ ಈಗ ಹೇಳುತ್ತಿದ್ದಾಳೆ: ಅವತ್ತು ಬಸ್ಸಿಗೆ ಹೊರಟಾಗ ಅವನು ಹಿತ್ತಿಲಿಗೆ ಬಂದು, "ತಂಗೆವ್ವ, ಸತ್ತದ್ದು ಎಲ್ಲಿ ಹುಗದಾನ?" ಎಂದು ಕೇಳಿದನಂತೆ. ಇವಳು ನುಗ್ಗೆಯ ಗಿಡ ತೋರಿಸಿದಳಂತೆ. "ಮ್ಯಾಲ ಒಂದು ಕಲ್ಲು ಇಡ್ರಿ, ನಾಯಿ ಕೆದರೀತು," ಎಂದು ಹೇಳಿ ಹೋದನಂತೆ. ನಾನು ಈಗ ಹೋಗಿ ಕಲ್ಲು ಇಟ್ಟು ಬಂದೆ. ಬೈಯುವುದಿದ್ದರೆ ಬಂದು ನನ್ನನ್ನು ಬೈ. ನಿನ್ನ ಅಪ್ಪ ಕೇಳಿದರೆ ಮಾತ್ರ ಮೂರು ಎಂದೇ ಅನ್ನು.